ತೊಳೆದು ತಂದ ಡಬ್ಬಿ

ಮನೆಮನೆಗೂ ಮೊಬೈಲ್ ಬಾರದ ಕಾಲವದು. ಅಂಕೋಲೆಯ ಆಸ್ಪತ್ರೆಯ ಲ್ಯಾಬಿನಲ್ಲಿ ಹಟ್ಟಿಕೇರಿಯ ನನ್ನ ದೊಡ್ಡಮ್ಮ, ನಾನು, ಪರೀಕ್ಷೆ ಮಾಡುವ ಅಕ್ಕೋರು ಮೂವರೇ ಇದ್ದೆವು. ದೊಡ್ಡಮ್ಮನ ಕೆಮ್ಮಿನ ಪರೀಕ್ಷೆಗೆಂದು ಮನೆಯಿಂದ ತಂದ ಕಫದ ಡಬ್ಬಿ ತೆರೆದ ಅಕ್ಕೋರು ನಕ್ಕೇಬಿಟ್ಟರು. ಒಳಗೆ ಏನೂ ಇರಲಿಲ್ಲ.

“ನನ್ನ ಎಂಜಲ ನಿಮ್ಮ ಕೈಗೆ ಹೆಂಗೆ ಕೊಡೂದ್ರಾ ಅಕ್ಕೋರೇ? ಬಿಸಿನೀರಲ್ಲಿ ಚೊಲೋ ತೊಳದು ತಂದೆ!” ಎಂದಳು ದೊಡ್ಡಮ್ಮ.

“ಅಯ್ಯೋ ಅಜ್ಜಿ, ಕ್ಷಯದ ಕ್ರಿಮಿ ಆ ಕಫದಲ್ಲೇ ಕಾಣೂದು!”

ಕೆಮ್ಮು ತಾಗೀತೆಂದು ಹೆದರಿ ದೊಡ್ಡಮ್ಮ ಎಳೆಯ ಮೊಮ್ಮಗಳನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಳು. ಈಗ ಅಂಗಳಕ್ಕೆ ಹೋಗಿ ಕೆಮ್ಮಿ, ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದುಕೊಟ್ಟಳು. ಕ್ರಿಮಿ ಕಂಡಿತು, ಗುಳಿಗೆ ಶುರುವಾಯಿತು.

ತಿಂಗಳುಗಳ ಬಳಿಕ, ಕಫದಲ್ಲಿ ಇನ್ನು ಕ್ರಿಮಿಯಿಲ್ಲ ಎಂದು ಅಕ್ಕೋರು ಹೇಳಿದ ದಿನ ಬಸ್ಸಿಳಿದವಳೇ ಮೊಮ್ಮಗಳನ್ನು ಎತ್ತಿಕೊಂಡಳು. ಗುರುತು ಮರೆತಿದ್ದ ಮಗು ಕಿರುಚಿ ಅತ್ತಿತು. ದೊಡ್ಡಮ್ಮ ಕೆಳಗಿಳಿಸಲೇ ಇಲ್ಲ.