ಹನ್ನೊಂದು ಗಂಟೆಯ ಬಿಸಿಲಿನಲ್ಲಿ

"ಕಿಟಕಿ ಯಾಕೆ ಮುಚ್ಚಿದ್ರಿ ಮೇಷ್ಟ್ರೇ? ಮರದ ಬಣ್ಣಾನೇ ಕಾಣ್ತಿಲ್ಲ" ಎಂದರು ನಂಜಾಚಾರಿ. ತರೀಕೆರೆಯ ನಮ್ಮ ಮನೆಯ ಬೀರುವಿಗೆ ಪಾಲಿಶ್ ಹಾಕುತ್ತಿದ್ದ ಬಡಗಿ ಅವರು. ಬೆಳಗಿನ ಹನ್ನೊಂದು ಗಂಟೆ. ತೆರೆದ ಕಿಟಕಿಯ ಬಿಸಿಲು ನೇರ ಅವರ ಮುಖದ ಮೇಲೆಯೇ ಬಿದ್ದಿತ್ತು. ಅವರು ರೆಪ್ಪೆ ಮಿಟುಕಿಸಲಿಲ್ಲ.

ಅಂಗಳದಲ್ಲಿ ಹಲಗೆ ಕೊಯ್ಯುತ್ತಿದ್ದ ಅವರ ತಮ್ಮ ಆ ಮಾತು ಕೇಳಿ ಒಳಗೆ ಓಡಿಬಂದ. "ಅಣ್ಣಾ, ನಿನ್ನೆ ಪಾಲಿಶ್ ಸ್ಪಿರಿಟ್ ಕುಡಿದ್ಯಾ?"

"ಸೋಸೇ ಕುಡಿದಿದ್ದು ಕಣೋ. ಅರಗೆಲ್ಲಾ ಬಟ್ಟೇಲೇ ನಿಂತೋಯ್ತು. ನೀರಿನಂಗೆ ತಿಳಿಯಾಗಿತ್ತು."

ಅದು ಎಪ್ಪತ್ತರ ದಶಕದ ಕೊನೆ. ಸಾರಾಯಿ ಅಂಗಡಿ ಮುಚ್ಚಿದ ದಿನ ಪಾಲಿಶ್ ಕೆಲಸದ ಹಲವರು ಹೀಗೆ ಕುಡಿಯುತ್ತಿದ್ದರು. ಪಾಲಿಶ್‌ಗೆಂದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಹೋದರೆ ವಿಷವೂ ಹೋಯಿತೆಂಬುದು ಅವರ ನಂಬಿಕೆ. ಕಣ್ಣು ಕಳೆಯುವ ವಿಷ ಇದ್ದದ್ದು ಸ್ಪಿರಿಟ್ಟಿನಲ್ಲೇ. ತಮ್ಮನು ಅಣ್ಣನ ಕಣ್ಣೆದುರು ಕೈ ಆಡಿಸಿದ. ಕಣ್ಣು ಅಲುಗಲಿಲ್ಲ. ಆದರೆ ಬಟ್ಟೆ ಹಿಡಿದ ಅವರ ಕೈ ಮಾತ್ರ ಒಂದೇ ಹದದಲ್ಲಿ, ಅಂಚು ಕೂಡ ತಪ್ಪದೆ, ಮರವನ್ನು ಉಜ್ಜುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಜೀವ ಉಳಿಯಿತು, ದೃಷ್ಟಿ ಉಳಿಯಲಿಲ್ಲ. ನಾನು ನೋಡಲು ಹೋದಾಗಲೆಲ್ಲ "ಬೆಳಗಾಯ್ತೇನೋ?" ಎಂದು ತಮ್ಮನನ್ನು ಕೇಳುತ್ತಿದ್ದರು. "ಇನ್ನೂ ಇಲ್ಲ ಅಣ್ಣಾ" ಎನ್ನುತ್ತಿದ್ದ ಅವನು. ನಾಲ್ಕನೆಯ ದಿನ ಅವರು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.