ಕ್ಯಾರೇಜಿನ ಕೆಳಗೆ ನಿಂಬೆಹಣ್ಣು

ಒಂದು ಮನೆಯವರ ಯೋಗ್ಯತೆ ತಿಳಿಯಬೇಕಾದರೆ ನಾನು ಅವರ ಸ್ಕ್ರೂಡ್ರೈವರಿನ ತುದಿ ನೋಡುತ್ತೇನೆ. ನಮ್ಮ ಬೀದಿಯಲ್ಲಿ ಒಂದು ಮನೆಯದೂ ನೆಟ್ಟಗಿಲ್ಲ. ಅದರಲ್ಲಿ ಪೇಂಟ್ ಡಬ್ಬದ ಮುಚ್ಚಳ ಮೀಟಿರುತ್ತಾರೆ, ತೆಂಗಿನಕಾಯಿಯ ಕಣ್ಣು ಚುಚ್ಚಿರುತ್ತಾರೆ, ಬಚ್ಚಲ ಜಾಲರಿ ಕೆದಕಿರುತ್ತಾರೆ, ಆಮೇಲೆ ಒರೆಸದೆ ಡ್ರಾಯರಿಗೆ ಎಸೆದಿರುತ್ತಾರೆ. ಅಂಥದ್ದು ಕೈಗೆ ಬಂದರೆ ನನಗೆ ಯಾರದೋ ಎಂಜಲು ತಟ್ಟೆ ಮುಟ್ಟಿದ ಹಾಗಾಗುತ್ತದೆ. ಹೀಗೆಂದರೆ ಜನ ನಗುತ್ತಾರೆ. ನಗಲಿ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ಕೆಲಸದಿಂದ ಬಿಡುಗಡೆಯಾದ ಮೇಲೆ ಹೆಂಗಸರು ತೀರ್ಥಯಾತ್ರೆ ಮಾಡುತ್ತಾರೆ, ಇಲ್ಲವೇ ಸೊಸೆಯ ತಪ್ಪು ಹುಡುಕುತ್ತಾರೆ. ನಾನು ಬಿಡದಿ ಕಡೆ ಬಾಗಿಲು ಹಾಕಿದ ಒಂದು ವರ್ಕ್‌ಶಾಪಿನಿಂದ ಹಳೆಯ ಸಣ್ಣ ಲೇತ್ ತಂದು ಹಿತ್ತಲ ಶೆಡ್ಡಿನಲ್ಲಿಟ್ಟೆ. ಚನ್ನಪಟ್ಟಣದಲ್ಲಿ ಲೇತ್ ಹೊಸದೇನಲ್ಲ, ಗಲ್ಲಿಗೊಂದು ತಿರುಗುತ್ತದೆ. ಅದೇ ತೊಂದರೆ. ಲೇತ್ ಅಂದರೆ ಇಲ್ಲಿ ಬೊಂಬೆ. ಹಾಲು ಹಾಕುವವನಿಂದ ಹಿಡಿದು ನನ್ನ ಹಳೆಯ ಪ್ರಿನ್ಸಿಪಾಲರವರೆಗೆ ಎಲ್ಲರೂ ಕೇಳಿದ್ದು ಒಂದೇ ಮಾತು: "ಮೇಡಂ, ನಮ್ಮ ಮೊಮ್ಮಗೂಗೊಂದು ಬುಗುರಿ ಮಾಡ್ಕೊಡ್ತೀರಾ?" ನನ್ನದು ಕಬ್ಬಿಣ, ಹಿತ್ತಾಳೆಯ ಕೆಲಸ, ಮರದ್ದಲ್ಲ ಎಂದರೆ ಅವರ ಮುಖ ಇಳಿಯುತ್ತಿತ್ತು. ಹಾಗಾದರೆ ಏನು ಮಾಡುತ್ತೀರಿ ಎಂದು ಮುಂದಕ್ಕೆ ಕೇಳಿದವರು ಯಾರೂ ಇಲ್ಲ.

ನಾನು ಮಾಡುತ್ತಿದ್ದದ್ದು ಎಂಜಿನ್. ಊಟದ ತಟ್ಟೆಯ ಮೇಲೆ ಕೂರುವಷ್ಟು ಸಣ್ಣದು, ಆದರೆ ಷೋಕೇಸಿನ ಗೊಂಬೆಯಲ್ಲ. ಗಾಳಿಯನ್ನೋ ಹಬೆಯನ್ನೋ ಒಳಗೆ ಬಿಟ್ಟರೆ ಪಿಸ್ಟನ್ ಆಡಬೇಕು, ಚಕ್ರ ತಿರುಗಬೇಕು. ಮೂವತ್ತು ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಎಂಜಿನ್ ಬರೆದು ಅಳಿಸಿದ್ದೇನೆ. ಒಂದಾದರೂ ನನ್ನ ಕೈಯಿಂದ ಹುಟ್ಟಿ ಓಡುವುದನ್ನು ನೋಡಬೇಕಿತ್ತು.

ಅದಕ್ಕೆ ಮೊದಲು ಲೇತನ್ನೇ ರಿಪೇರಿ ಮಾಡಬೇಕಾಯಿತು. ಲೇತಿಗೆ ರೈಲಿನ ಹಳಿಯಂಥ ಎರಡು ಕಬ್ಬಿಣದ ಪಟ್ಟಿಗಳಿರುತ್ತವೆ. ಅದನ್ನು ಬೆಡ್ಡು ಎನ್ನುತ್ತಾರೆ. ಕೊರೆಯುವ ಉಳಿಯನ್ನು ಹೊತ್ತ ಭಾಗ ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಅದರ ಹೆಸರು ಕ್ಯಾರೇಜು. ಬೆಡ್ಡು ಎಲ್ಲಿ ಕೂದಲೆಳೆಯಷ್ಟು ತಗ್ಗಿದೆಯೋ ಅಲ್ಲಿ ಕ್ಯಾರೇಜೂ ತಗ್ಗುತ್ತದೆ, ಮಾಡುವ ಸಾಮಾನೂ ಕೆಡುತ್ತದೆ. ನನ್ನ ಲೇತಿನ ಬೆಡ್ಡು ಸವೆದು ಹೋಗಿತ್ತು. ನೆಟ್ಟಗಿರುವ ಒಂದು ಉಕ್ಕಿನ ಪಟ್ಟಿಗೆ ನೀಲಿ ಬಣ್ಣ ಸವರಿ ಬೆಡ್ಡಿನ ಮೇಲೆ ಜಾರಿಸಿದರೆ ಉಬ್ಬಿದ ಕಡೆಗಳಿಗೆ ನೀಲಿ ಅಂಟುತ್ತದೆ. ಅಷ್ಟನ್ನೇ ಕೈಉಳಿಯಿಂದ ಕೆರೆಯಬೇಕು. ಮತ್ತೆ ನೀಲಿ, ಮತ್ತೆ ಕೆರೆತ. ಒಂದು ಬೇಸಿಗೆ, ಒಂದು ಮಳೆಗಾಲ ಅದರಲ್ಲೇ ಕಳೆಯಿತು. ಮಣಿಕಟ್ಟು ಊದಿಕೊಂಡು ಚಪಾತಿ ಲಟ್ಟಿಸಲಾಗುತ್ತಿರಲಿಲ್ಲ. ಕೊನೆಗೆ ಒಂದು ದಿನ ಈ ತುದಿಯಿಂದ ಆ ತುದಿಯವರೆಗೆ ನೀಲಿ ಚುಕ್ಕಿ ಒಂದೇ ಸಮ ಅಂಟಿತು.

ಆಮೇಲೆ ಎಂಜಿನ್ನಿನ ಭಾಗಗಳೆಲ್ಲ ಒಂದೊಂದಾಗಿ ಬಂದವು. ಮುಂದಿನ ವರ್ಷದ ನವರಾತ್ರಿಯ ಹೊತ್ತಿಗೆ ಉಳಿದದ್ದು ಪಿಸ್ಟನ್ ಮಾತ್ರ. ಅದು ಸಿಲಿಂಡರಿನ ಒಳಗೆ ಸಿಕ್ಕಿಕೊಳ್ಳಬಾರದು, ಪಕ್ಕದಿಂದ ಗಾಳಿಯೂ ಸೋರಬಾರದು. ಬೆಡ್ಡು ನೆಟ್ಟಗಿದ್ದರೆ ಮಾತ್ರ ಆಗುವ ಕೆಲಸ. ಹಬ್ಬ ಮುಗಿಸಿಕೊಂಡು ಮಾಡೋಣ ಎಂದುಕೊಂಡೆ.

ಆ ವರ್ಷ ನನ್ನ ಗಂಡ ಹೊಸ ಕಾರು ತೆಗೆದಿದ್ದರು. ಆಯುಧಪೂಜೆಗೆ ಅದರ ಪೂಜೆ ಮಾಡಲು ಬೈರಾಪಟ್ಟಣದಿಂದ ಭಾವ, ಅಂದರೆ ನನ್ನ ಗಂಡನ ಅಣ್ಣ, ಹೆಂಡತಿಯನ್ನು ಕರೆದುಕೊಂಡು ಬಂದರು. ಭಾವ ಬೇಸಾಯಗಾರರು, ಟ್ರ್ಯಾಕ್ಟರ್ ಇಟ್ಟವರು, ಪೂಜೆಯಲ್ಲಿ ಧಾರಾಳಿ. ಅವರ ಕೈಗೆ ಅರಿಶಿನ ಕುಂಕುಮದ ತಟ್ಟೆ ಸಿಕ್ಕರೆ ಕುಡುಗೋಲಿನಿಂದ ಹಿಡಿದು ಮಿಕ್ಸಿಯವರೆಗೆ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ಪೂಜೆಗೆ ನನ್ನ ತಕರಾರಿಲ್ಲ. ನಾನೂ ಪ್ರತಿ ವರ್ಷ ಲೇತಿನ ಮೋಟರಿನ ಮೇಲೆ ಒಂದು ಸೇವಂತಿಗೆ ಇಟ್ಟು, ಸ್ವಿಚ್ಚಿನ ಡಬ್ಬಕ್ಕೆ ಕುಂಕುಮದ ಬೊಟ್ಟಿಟ್ಟು ಕೈ ಮುಗಿಯುತ್ತಿದ್ದೆ. ಅಷ್ಟು ಸಾಕು ಎಂದು ದೇವರೂ ಸುಮ್ಮನಿದ್ದ.

ನಾನು ಒಳಗೆ ಒಬ್ಬಟ್ಟು ಬೇಯಿಸುತ್ತಿದ್ದೆ. ಹೂರಣ ತುಂಬಿ ಕೊಡುತ್ತಿದ್ದವರು ವಾರಗಿತ್ತಿ. ಅಕ್ಕ ಎಂದೇ ನಾನು ಕರೆಯುವುದು. ಹೊರಗೆ ಪೈಪಿನ ನೀರಿನ ಸದ್ದು. ಕಾರು ತೊಳೆಯುತ್ತಿದ್ದಾರೆ ಎಂದುಕೊಂಡೆ. ಸದ್ದು ಮುಂದಿನಿಂದ ಹಿತ್ತಲಿಗೆ ಬಂತು. ತಗಡಿನ ಮೇಲೆ ನೀರು ಬಿದ್ದ ಹಾಗೆ ಕೇಳಿತು. ಕಾವಲಿಯ ಮೇಲಿನ ಒಬ್ಬಟ್ಟು ಬಿಟ್ಟು ಓಡಿದೆ.

ನನ್ನ ಲೇತು ಸ್ನಾನ ಮಾಡಿ ನಿಂತಿತ್ತು. ಬೆಡ್ಡಿನ ಉದ್ದಕ್ಕೂ ನೀರು, ಅದರ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ, ಅರಿಶಿನದ ಗಸಿ. ಸಾಮಾನು ಕಚ್ಚಿ ಹಿಡಿಯುವ ಚಕ್ಕಿನ ಮೂರು ಹಲ್ಲುಗಳ ನಡುವೆ ಊದಿನಕಡ್ಡಿಯ ಕಂತೆ ಸಿಕ್ಕಿಸಿದ್ದರು, ಬೂದಿ ನೇರ ಅದರ ಹೊಟ್ಟೆಗೇ ಉದುರುತ್ತಿತ್ತು. ಮೇಲಿಂದ ಹಿಡಿಹಿಡಿ ಕಡ್ಲೆಪುರಿ ಎರಚಿದ್ದರು. ಇಷ್ಟೂ ಸಾಲದು ಎಂದು ಕ್ಯಾರೇಜಿನ ಕೆಳಗಿನಿಂದ ಹಳದಿ ರಸ ಒಸರುತ್ತಿತ್ತು. ಒಂದು ನಿಂಬೆಹಣ್ಣು ಅಲ್ಲಿ ಅರ್ಧ ಜಜ್ಜಿ, ಬೀಜ ಕಕ್ಕಿ ಬಿದ್ದಿತ್ತು.

"ಇದೇನು ಭಾವ?" ಎಂದೆ.

ಭಾವ ಸಂತೋಷದಲ್ಲಿದ್ದರು. "ಗಾಡಿ ಅಂದ್ಮೇಲೆ ಹಣ್ಣಿನ ಮ್ಯಾಲೆ ಹತ್ತುಸ್ಬೇಕಲ್ಲವ್ವಾ. ಇದಕ್ಕೆ ಚಕ್ರ ಇಲ್ಲ. ಒಸಿ ಹೊತ್ತು ನೋಡ್ದೆ. ಈ ಹಿಡಿ ತಿರುಗ್ಸುದ್ರೆ ಇದು ಮುಂದಕ್ಕೆ ಓಯ್ತದೆ, ಹಿಂದಕ್ಕೆ ಬತ್ತದೆ. ಓಯ್ತದೆ ಬತ್ತದೆ ಅಂದ್ಮೇಲೆ ಗಾಡಿನೇ ಕಣವ್ವಾ. ಹಣ್ಣಿಟ್ಟು ತಿರುಗ್ಸುಬುಟ್ಟೆ."

ಕಾರಿನ ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸುವುದು ಎಲ್ಲರೂ ಮಾಡುವುದೇ. ಆದರೆ ನಾನು ಬೇಸಿಗೆ ಮಳೆಗಾಲ ಎರಡೂ ಕೂತು ಕೆರೆದ ಬೆಡ್ಡಿನ ಮೇಲೆ ಹುಳಿ ಹಿಂಡಿ, ಅದರೊಳಗೆ ವಿಭೂತಿ ಕಲಸಿ, ಮೇಲೆ ಕ್ಯಾರೇಜು ಓಡಿಸಿ ಅರೆಯುವುದೆಂದರೆ! ಸೆರಗಿನಲ್ಲೇ ಒರೆಸಲು ಹೋದೆ. ಭಾವ ಅಡ್ಡ ಬಂದರು.

"ಮುಟ್ಬ್ಯಾಡ ತಾಯಿ. ಪೂಜೆ ಆಗೋಗೈತೆ. ಇವತ್ತು ಅದು ದೇವ್ರು. ನಾಳೆ ದಶಮಿ, ಬೆಳಗಾದ್ಮೇಲೆ ಮುಟ್ಟುವಂತೆ."

ಪೂಜೆಯಾದ ಆಯುಧ ಆ ದಿನ ಮುಟ್ಟಬಾರದೆಂಬುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದದ್ದು. ನೀರು ಇಷ್ಟು ಹೊತ್ತು ನಿಂತರೆ ಕಬ್ಬಿಣ ಏನಾಗುತ್ತದೆ ಎಂದು ನಾನು ಹೇಳತೊಡಗಿದೆ. ಅಷ್ಟರಲ್ಲಿ ಅಕ್ಕ ಹೂರಣದ ಕೈಯಲ್ಲೇ ಹಿಂದೆ ಬಂದು ನಿಂತಿದ್ದರು. ಹಿಂದೊಂದು ವರ್ಷ ಪೂಜೆಯಾದ ದಿನವೇ ಭಾವ ಯಾರದೋ ಹೊಲಕ್ಕೆಂದು ಟ್ರ್ಯಾಕ್ಟರ್ ಹೊರಡಿಸಿ, ಅದು ಮಗುಚಿ ಕಾಲು ಮುರಿದುಕೊಂಡಿದ್ದರು. ಅದನ್ನು ನೆನೆದು ಅಕ್ಕ ಅಳುವುದಕ್ಕೇ ಶುರುಮಾಡಿದರು. "ನಿನ್ ಕಾಲಿಡ್ಕೋತೀನಿ, ಮುಟ್ಬ್ಯಾಡ ಕಣೆ" ಎಂದರು. ಅಳುವವರ ಮುಂದೆ ರಸಾಯನಶಾಸ್ತ್ರ ನಡೆಯುವುದಿಲ್ಲ. ನಾನು ಒಳಗೆ ಬಂದೆ. ಕಾವಲಿಯ ಮೇಲಿನ ಒಬ್ಬಟ್ಟು ಕರಿಕಲಾಗಿತ್ತು.

ಮಾರನೆಯ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಮೊದಲು ಬಂದದ್ದು ನಾತ. ಹುಳಿತ ನಿಂಬೆ, ನೆನೆದ ಪುರಿ, ಹಸಿ ತುಕ್ಕು. ಪುರಿ ನೀರು ಕುಡಿದು ಊದಿ ಗೇರಿನ ಹಲ್ಲುಗಳ ಸಂದಿಯಲ್ಲಿ ಅನ್ನದಗುಳಿನ ಹಾಗೆ ಅಂಟಿಕೊಂಡಿತ್ತು. ಅದಕ್ಕೆ ಇರುವೆಗಳು ಸಾಲುಗಟ್ಟಿ ಬಂದು, ಎಣ್ಣೆಗೆ ಸಿಕ್ಕಿ ಸತ್ತಿದ್ದವು. ಬೆಡ್ಡಿನ ಮೈಗೆಲ್ಲ ಕಜ್ಜಿ ಎದ್ದಂತೆ ಕೆಂಪು ಚುಕ್ಕಿ. ಕ್ಯಾರೇಜು ತಳ್ಳಿದೆ. ಕರಕರ ಎಂದಿತು. ಅದರಡಿಯಿಂದ ಬಂದ ಲೋಳೆ ನಾಯಿ ಕಕ್ಕಿದ ಹಾಗಿತ್ತು. ಅದನ್ನು ಒರೆಸಿದ ಮೇಲೆ ಹುಳಿ ತಿಂದ ಕಡೆ ಕಪ್ಪು ಗುಳಿಗಳು ಕಂಡವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ದೊಣ್ಣೆ ನನ್ನ ಮನೆಗೇ ಹಬ್ಬದೂಟಕ್ಕೆ ಬಂದಿತ್ತು.

ಭಾವನನ್ನೂ ನನ್ನ ಗಂಡನನ್ನೂ ಶೆಡ್ಡಿಗೆ ಕರೆದೆ. ಬಾಯಿಗೆ ಬಂದಂತೆ ಅಂದೆ. ಕಬ್ಬಿಣವೆಲ್ಲ ನೇಗಿಲಲ್ಲ ಎಂದೆ. ಎಂಜಿನ್ನಿನ ಒಳಗೆ ಆಡುವ ಪಿಸ್ಟನ್ ಒಂದೇ ಉಳಿದಿತ್ತು, ಇನ್ನು ಈ ಬೆಡ್ಡಿನ ಮೇಲೆ ಅದು ಹೇಗಾಗಬೇಕು ಎಂದೆ. ಬೇರೆಯವರ ಸಾಮಾನಿಗೆ ಕೈ ಹಚ್ಚುವ ಮೊದಲು ಒಂದು ಮಾತು ಕೇಳುವ ಮಾನವೂ ಈ ಮನೆತನದಲ್ಲಿ ಇಲ್ಲವೇ ಎಂದೆ. ಹಿರಿಯರನ್ನು ಹಾಗೆ ಅಂದದ್ದು ತಪ್ಪು ಎಂದು ನನಗೆ ಈಗಲೂ ಅನ್ನಿಸಿಲ್ಲ, ನೀರು ಹಾಕಿದ ಕೈ ಅವರದೇ.

ಭಾವ ಬೆಡ್ಡಿನ ಗುಳಿಗಳ ಮೇಲೆ ಬೆರಳಾಡಿಸಿ ನೋಡಿದರು. ಮುಖ ಸಣ್ಣದಾಯಿತು. ತಮ್ಮನ ಕಡೆ ತಿರುಗಿದರು.

"ಲೇ, ನಾನ್ ಕೇಳ್ಲಿಲ್ವೇನ್ಲಾ? ಇದುಕ್ಕೆ ನೀರ್ ಹಾಕ್ಬೋದಾ ಅಂತ ಕೇಳ್ದೆ. ಹೂಂ ಹಾಕು ಅಂದೆ."

ನಾನು ನನ್ನ ಗಂಡನನ್ನು ನೋಡಿದೆ. ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸುತ್ತಿದ್ದರು.

"ಕೇಳಿದ್ನೇನೋ. ಪೇಪರ್ ಓದ್ತಿದ್ದೆ. ಹೂಂ ಅಂದಿರ್ಬೇಕು."

"ನೀವು ನೋಡಿಲ್ವಾ ನಾನು ಇದನ್ನ ಹೇಗೆ ಮಾಡ್ದೆ ಅಂತ?"

"ನೋಡಿದೀನಪ್ಪ. ಕಬ್ಬಿಣ ತಾನೆ. ಉಜ್ಜಿದ್ರೆ ಹೋಗತ್ತೆ ಬಿಡು."

ಅವರು ನೋಡಿದ್ದು ನಿಜ. ಆ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಎಷ್ಟೋ ಬೆಳಿಗ್ಗೆ ನಿಂತಿದ್ದಾರೆ. ನಾನು ಹಣೆಗೆ ಟವೆಲ್ ಬಿಗಿದುಕೊಂಡು ಕೆರೆಯುತ್ತಿದ್ದೆ. ಅದೇಕೆ ಟವೆಲ್ ಎಂದು ಅವರೇ ಒಂದು ದಿನ ಕೇಳಿದ್ದರು. ಬೆವರಿನ ಒಂದು ಹನಿ ಬಿದ್ದರೂ ಬೆಡ್ಡು ತುಕ್ಕು ಹಿಡಿಯುತ್ತದೆ ಎಂದು ವಿವರವಾಗಿ ಹೇಳಿದ್ದೆ. ಹೂಂ ಅಂದಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಅವರ ಹೂಂ ಅಂದರೆ ಕೇಳಿಸಿಕೊಂಡರು ಎಂದೇ ನಾನು ತಿಳಿದಿದ್ದೆ. ಲೋಳೆ, ಸತ್ತ ಇರುವೆ ಯಾವುದೂ ನನಗೆ ಅಷ್ಟು ಹೇಸಿಗೆ ಹುಟ್ಟಿಸಲಿಲ್ಲ. ಎದುರಿಗೆ ಕನ್ನಡಕ ಒರೆಸುತ್ತಿದ್ದ ಆ ಸಾಧು ಮುಖ ಹುಟ್ಟಿಸಿತು. ಭಾವನಿಗೆ ಗೊತ್ತಿರಲಿಲ್ಲ, ಆದರೂ ಕೇಳಿದರು. ಇವರಿಗೆ ಎಲ್ಲ ಹೇಳಿಯಾಗಿತ್ತು.

ಲೇತನ್ನು ಗುಜರಿಗೆ ಹಾಕಬೇಕು ಎನ್ನಿಸಿದ್ದೂ ಉಂಟು. ಹಾಕಲಿಲ್ಲ. ಇರುವೆ ತೆಗೆದೆ, ಒಂದೊಂದೇ ಗೇರು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ, ಮತ್ತೆ ನೀಲಿ ಸವರಿ ಕೆರೆಯಲು ಕೂತೆ. ಗುಳಿಗಳ ತಳ ಮುಟ್ಟುವವರೆಗೆ ಇಡೀ ಬೆಡ್ಡನ್ನು ಕೆರೆದು ಇಳಿಸಬೇಕು. ಊದಿದ ಮಣಿಕಟ್ಟು ಮತ್ತೆ ಊದಿತು. ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿಕೊಳ್ಳುತ್ತಿದ್ದೆ. ಕಾಫಿ ಲೋಟ ಹೊರಗೇ ನಿಲ್ಲುತ್ತಿತ್ತು.

ಭಾವ ಮಾತ್ರ ಆಗಾಗ ಫೋನ್ ಮಾಡುತ್ತಿದ್ದರು. "ತುಕ್ಕು ಹೋಯ್ತೇನವ್ವಾ?" ಎನ್ನುವರು. ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಇಡುತ್ತಿದ್ದೆ. ಆದರೂ ಬಿಡಲಿಲ್ಲ. ಕೆಲವು ತಿಂಗಳಲ್ಲಿ ಕೇಳುವ ಮಾತು ಬದಲಾಯಿತು. "ಆ ಒಳಗಾಡೋ ಸಾಮಾನು, ಅದು ಆಯ್ತಾ?" ಎಂದರು. ಪಿಸ್ಟನ್ ಎಂಬ ಹೆಸರು ಬರದಿದ್ದರೂ ಉಳಿದದ್ದು ಯಾವುದೆಂದು ಅವರಿಗೆ ನೆನಪಿತ್ತು.

ಕೊನೆಗೆ ಅದೂ ಆಯಿತು. ಸಿಲಿಂಡರಿನ ಬಾಯಿಗಿಟ್ಟು ಬೆರಳು ಬಿಟ್ಟೆ. ಬೀಳಲಿಲ್ಲ, ಸಿಕ್ಕಿಕೊಳ್ಳಲೂ ಇಲ್ಲ, ತನ್ನ ಭಾರಕ್ಕೆ ತಾನು ಮೆಲ್ಲಗೆ ಇಳಿಯಿತು. ನಾನು ಎಂಜಿನ್ನನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿ ಬೈರಾಪಟ್ಟಣಕ್ಕೆ ಹೋದೆ. ಎಲ್ಲಿಗೆ ಎಂದು ಮನೆಯಲ್ಲಿ ಕೇಳಿದರು. ಅಕ್ಕನ ಮನೆಗೆ ಎಂದೆ. ಹೂಂ ಅಂದರು.

ಭಾವನ ಜಗಲಿಯ ಮೇಲೆ ಅದನ್ನಿಟ್ಟೆ. ಕೊಟ್ಟಿಗೆಯಲ್ಲಿದ್ದ ಟ್ರ್ಯಾಕ್ಟರಿನ ಹಳೆಯ ಟ್ಯೂಬಿಗೆ ಗಾಳಿ ತುಂಬಿ, ಒಂದು ಸಣ್ಣ ಪೈಪು ಸಿಕ್ಕಿಸಿದೆ. ಟ್ಯೂಬಿನ ಆ ಬಡ ಗಾಳಿಗೆ ಓಡಬೇಕಾದರೆ ಒಳಗೆ ಎಲ್ಲ ಸರಿಯಿರಲೇಬೇಕು. ಚಕ್ರಕ್ಕೆ ಬೆರಳಿನಿಂದ ಒಂದು ತಳ್ಳು ಕೊಟ್ಟೆ. ಚಕ್ ಚಕ್ ಎಂದು ಹಿಡಿದುಕೊಂಡಿತು. ಆಮೇಲೆ ಚಕ್ರದ ಕಡ್ಡಿಗಳು ಕಾಣದಷ್ಟು ಓಡಿತು. ಅಕ್ಕ ಮೊರ ಕೆಳಗಿಟ್ಟು ಬಂದರು. ಭಾವ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡುತ್ತಿದ್ದರು. ತುಂಬ ಹೊತ್ತು ನೋಡಿದರು.

"ಮುಟ್ಬೋದೇನವ್ವಾ?" ಎಂದರು.

"ಕೈ ತೊಳ್ಕೊಂಡು ಒರೆಸ್ಕೊಂಡು ಬನ್ನಿ ಭಾವ" ಎಂದೆ.

ಆ ವಯಸ್ಸಿನವರು ಎದ್ದು ಹೋಗಿ ಕೈ ತೊಳೆದು, ಟವೆಲಿನಲ್ಲಿ ಬೆರಳ ಸಂದಿಯನ್ನೂ ಒರೆಸಿಕೊಂಡು ಬಂದು, ಎರಡೂ ಅಂಗೈಯನ್ನು ನನ್ನ ಮುಂದೆ ಹಿಡಿದು ತೋರಿಸಿದರು.

ಎಂಜಿನ್ ಓಡುತ್ತದೆ ಎಂದು ನನ್ನ ಗಂಡನಿಗೆ ಇನ್ನೂ ಹೇಳಿಲ್ಲ. ಕೇಳಿದರೆ ಹೇಳುತ್ತೇನೆ.