ನಮ್ಮ ಮನೆಯ ಪತ್ತೇದಾರಿ ರತ್ನ

ನನ್ನ ಗಂಡನ ಹೆಸರು ಗುರುಬಸವರಾಜ. ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ. ಮನುಷ್ಯ ಕೆಟ್ಟವರಲ್ಲ, ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ತೂಕದಲ್ಲಿ ಮೋಸ ಮಾಡಿದರೆಂದು ಯಾರೂ ಬಾಗಿಲಿಗೆ ಬಂದು ಬೈದಿಲ್ಲ. ಇರುವುದು ಒಂದೇ ಚಟ, ಪತ್ತೇದಾರಿ ಕಾದಂಬರಿ. ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಹೆಣ, ಮಲಗಿದರೆ ದಿಂಬಿನ ಕೆಳಗೆ ವಿಷದ ಬಾಟಲಿ. ಮದುವೆಯಾದ ಹೊಸತರಲ್ಲಿ ಒಮ್ಮೆ ಸಾರು ಬಡಿಸಿ, ಹೇಗಾಗಿದೆ ಎಂದು ಆಸೆಯಿಂದ ಕೇಳಿದೆ. ಪುಸ್ತಕದಿಂದ ತಲೆ ಎತ್ತದೆ, "ತಡಿ, ಈಗ ಅಡಿಗಿ ಮಾಡಾಕಿ ಮ್ಯಾಲ ಸಂಶಯ ಬಂದೈತಿ" ಎಂದರು. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಹೋದದ್ದೂ ಅವರಿಗೆ ಗೊತ್ತಾಗಲಿಲ್ಲ.

ಚಟ ಮನೆಯೊಳಗೆ ಇದ್ದಷ್ಟು ದಿನ ಹೇಗೋ ಸಹಿಸಿಕೊಂಡೆ. ಆಮೇಲೆ ವಾಟ್ಸಾಪ್ ಬಂತು. ಕೂಡ್ಲಿಗಿಯ ಒಬ್ಬ ವಕೀಲ, ಹಡಗಲಿಯ ಇಬ್ಬರು ಅಣ್ಣತಮ್ಮಂದಿರು, ಹಗರಿಬೊಮ್ಮನಹಳ್ಳಿಯ ಒಬ್ಬ ನಿವೃತ್ತ ಪೋಸ್ಟ್ ಮಾಸ್ತರ, ಹೀಗೆ ಮನೆಯಲ್ಲಿ ಯಾರೂ ಮಾತು ಕೇಳದ ಗಂಡಸರೆಲ್ಲ ಸೇರಿ ಒಂದು ಗುಂಪು ಕಟ್ಟಿದರು. ಜನವರಿಗೆ ಸವಾಲು ಶುರು. ವರ್ಷದೊಳಗೆ ಎಪ್ಪತ್ತೈದು ಪತ್ತೇದಾರಿ ಪುಸ್ತಕ ಓದಬೇಕು. ಅದಕ್ಕೆ ಷರತ್ತು ಬೇರೆ: ಒಂದರಲ್ಲಿ ರೈಲಿನೊಳಗೆ ಕೊಲೆಯಾಗಬೇಕು, ಒಂದರಲ್ಲಿ ಶ್ರೀಮಂತ ವಿಧವೆ ಇರಬೇಕು, ಒಂದರ ರಟ್ಟು ಕೆಂಪಗಿರಬೇಕು. ಗೆದ್ದವರಿಗೆ ಡಿಸೆಂಬರಿನಲ್ಲಿ 'ಪತ್ತೇದಾರಿ ರತ್ನ' ಬಿರುದು. ಮೊದಲ ವರ್ಷ ಅದು ಇವರಿಗೇ ಬಂತು. ಬಿರುದೆಂದರೆ ಮೊಬೈಲಿಗೆ ಬರುವ ಒಂದು ಚಿತ್ರ, ಸುತ್ತ ಹೂವು, ನಡುವೆ ಇವರ ಆಧಾರ್ ಕಾರ್ಡಿನ ಮುಖ. ಇವರು ಅದನ್ನು ಪ್ರಿಂಟ್ ಹಾಕಿಸಿ, ಲ್ಯಾಮಿನೇಶನ್ ಮಾಡಿಸಿ, ಅಂಗಡಿಯಲ್ಲಿ ನಮ್ಮ ಮಾವನವರ ಫೋಟೋದ ಪಕ್ಕ ತೂಗುಹಾಕಿದರು. ಎರಡಕ್ಕೂ ದಿನಾ ಊದುಬತ್ತಿ.

ಇವರ ಓದಿಗೊಂದು ಪದ್ಧತಿ ಇದೆ. ನಲವತ್ತನೇ ಪುಟಕ್ಕೆ ಬಂದರೆ ನಿಂತು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಅಂಚಿನಲ್ಲಿ ಕೊಲೆಗಾರನ ಹೆಸರು ಬರೆಯುತ್ತಾರೆ. ಕೊನೆಯಲ್ಲಿ ಕೊಲೆಗಾರ ಬೇರೆ ಯಾರೋ ಆದರೆ? ಮತ್ತೆ ನಲವತ್ತನೇ ಪುಟಕ್ಕೆ ಬಂದು, ಬರೆದದ್ದನ್ನು ರಬ್ಬರಿನಿಂದ ಉಜ್ಜಿ, ಸರಿಯಾದ ಹೆಸರು ಬರೆದು, "ನೋಡಿದ್ಯಾ ಗಂಗಾ, ನಲವತ್ತಕ್ಕ ಹಿಡದೆ" ಎನ್ನುತ್ತಾರೆ. ಹೀಗಾಗಿ ನನ್ನ ಗಂಡ ಇಷ್ಟು ವರ್ಷದಲ್ಲಿ ಒಮ್ಮೆಯೂ ಸೋತಿಲ್ಲ. ಅವರ ನಂತರ ಗ್ರಂಥಾಲಯದಿಂದ ಆ ಪುಸ್ತಕ ಒಯ್ದವರು ಮಾತ್ರ ನಲವತ್ತನೇ ಪುಟದಲ್ಲೇ ಹಣೆ ಬಡಿದುಕೊಳ್ಳುತ್ತಾರೆ.

ಪುಸ್ತಕದಲ್ಲಿ ನಡೆದದ್ದು ಬದುಕಿನಲ್ಲೂ ನಡೆಯುತ್ತದೆಂದು ಇವರಿಗೆ ಗಟ್ಟಿ ನಂಬಿಕೆ. ಒಂದು ಸಲ ಅಂಗಡಿಯ ಚೀಲಗಳು ಹರಿದು ಮೆಕ್ಕೆಜೋಳ ಕಡಿಮೆಯಾಗತೊಡಗಿತು. ಇವರ ಕಣ್ಣು ಬಿದ್ದದ್ದು ಹಮಾಲ ನಾಗಪ್ಪನ ಮೇಲೆ. ಅವನು ನಮ್ಮ ಮಾವನವರ ಕಾಲದಿಂದ ನಮ್ಮ ಚೀಲ ಹೊತ್ತವನು. ನಾಲ್ಕು ಜನರೆದುರು ಅವನ ಜೇಬು ಕೊಡವಿಸಿದರು. ಒಂದು ಬೀಡಿ ಕಟ್ಟು, ಒಂದು ಬಸ್ ಟಿಕೆಟು ಬಿತ್ತು. ಅಷ್ಟಕ್ಕೆ ಬಿಡದೆ, ಹೆಜ್ಜೆ ಗುರುತು ಹಿಡಿಯಲು ನಾನು ರೊಟ್ಟಿಗೆ ಬೀಸಿಸಿಟ್ಟ ಹಿಟ್ಟನ್ನು ಒಯ್ದು ಹಿಂಬಾಗಿಲಿಗೆ ಚೆಲ್ಲಿದರು. ಬೆಳಿಗ್ಗೆ ನೋಡಿದರೆ ಹಿಟ್ಟೇ ಇಲ್ಲ. ಮುರಿದ ಬಾಗಿಲ ಸಂದಿಯಲ್ಲಿ ನುಗ್ಗಿದ ಮೇಕೆಯೊಂದು ಅದನ್ನೂ ನೆಕ್ಕಿ, ಚೀಲಕ್ಕೆ ಒರಗಿ ಮೆಲುಕು ಹಾಕುತ್ತಿತ್ತು. "ಆಡಿನ ಮ್ಯಾಲ ನನಗ ಮೊದಲ ಸಂಶಯ ಇತ್ತು" ಎಂದರು ನಮ್ಮ ರತ್ನ. ನಾಗಪ್ಪನಿಗೆ ತಪ್ಪಾಯಿತು ಎನ್ನಲಿಲ್ಲ. ಅವನು ಒಂದು ವಾರ ಕೆಲಸಕ್ಕೆ ಬರಲಿಲ್ಲ. ಕೊನೆಗೆ ನಾನೇ ಅವನ ಮನೆಗೆ ಹೋಗಿ ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ನನ್ನ ಮುಖ ನಾಚಿಕೆಯಿಂದ ಉರಿಯುತ್ತಿತ್ತು.

ಇಂಥ ಮಹಾ ಪತ್ತೇದಾರರ ಮನೆಯಲ್ಲಿ ಅವರ ಮಗಳು ಎರಡು ವರ್ಷ ಪ್ರೀತಿ ಮಾಡಿದಳು. ಕದ್ದು ಮುಚ್ಚಿ ಅಲ್ಲ. ಅವರ ಕುರ್ಚಿಯ ಮುಂದೆ.

ಸುಕನ್ಯಾ ನಮ್ಮ ಒಬ್ಬಳೇ ಮಗಳು, ಕೊಟ್ಟೂರಿನ ಒಂದು ಶಾಲೆಯಲ್ಲಿ ಟೀಚರು. ಹುಡುಗನ ಹೆಸರು ಕ್ರಾಂತಿ, ತಂಬ್ರಹಳ್ಳಿಯ ಓಬಣ್ಣ ಮಾಸ್ತರ ಮಗ, ನಮ್ಮೂರಿನ ಗ್ರಂಥಾಲಯದಲ್ಲಿ ಕೆಲಸ. ಇವರ ಸವಾಲಿಗೆ ಪುಸ್ತಕ ಸಾಲದೆ ಬಂದಾಗ, ಕ್ರಾಂತಿ ಎಲ್ಲೆಲ್ಲಿಂದಲೋ ಹುಡುಕಿ ಮನೆಗೇ ತಂದುಕೊಡತೊಡಗಿದ. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನ ಬಿಟ್ಟು ದಿನ. "ಈಗಿನ ಹುಡುಗರಾಗ ಇಂಥಾ ಸೇವಾ ಮನೋಭಾವ ಎಲ್ಲೈತಿ?" ಎಂದು ಇವರು ಕರಗಿ ನೀರಾದರು. ಅಪ್ಪನಿಗೆ ಒಂದು ಲೋಟ ನೀರು ಕೊಡಲು ಮೂಗು ಮುರಿಯುವ ಮಗಳು ಅವನು ಬಂದರೆ ಶುಂಠಿ ಜಜ್ಜಿ ಚಹಾ ಮಾಡುತ್ತಿದ್ದಳು. "ಪಾಪ, ಹುಡುಗಗ ನಮ್ಮನಿ ಚಾ ಬಾಳ ಸೇರತೈತಿ" ಎಂದು ಇವರು ಪುಟ ತಿರುವುತ್ತಿದ್ದರು.

ಒಂದು ಸೋಮವಾರ ಬಸ್ ಸ್ಟ್ಯಾಂಡಿನಿಂದ ಬಂದವರೇ, "ಸುಕನ್ಯಾ ಕೊಟ್ಟೂರು ಬಸ್ಸಿನಾಗ ಕ್ರಾಂತಿ ಜೋಡಿ ಇಳಿದ್ಲು ನೋಡು" ಎಂದರು. ಸೋಮವಾರ ಗ್ರಂಥಾಲಯಕ್ಕೆ ರಜೆ, ಅವನಿಗೆ ಕೊಟ್ಟೂರಿನಲ್ಲಿ ಏನು ಕೆಲಸ? ಸಿಕ್ಕಿಬಿದ್ದೆವು ಎಂದುಕೊಂಡೆ. ಇವರು ಚಪ್ಪಲಿ ಬಿಡುತ್ತಾ, "ಚಲೋ ಆತು, ರೈಲಿನ ಕೊಲಿ ಪುಸ್ತಕ ತಂದಾನ" ಎಂದು ಒಳಗೆ ಹೋದರು.

ನಮ್ಮ ಓಣಿಗೆಲ್ಲ ಗೊತ್ತಿತ್ತು. ಹಾಲು ಹಾಕುವ ಮೈಲಮ್ಮ, "ಅಕ್ಕಾರ, ನಿಮ್ಮಳಿಯ ಬರಾಕತ್ಯಾನ ನೋಡ್ರಿ" ಎಂದು ಕಣ್ಣು ಹೊಡೆಯುತ್ತಿದ್ದಳು. ನನಗಂತೂ ಮೊದಲ ಲೋಟ ಶುಂಠಿ ಚಹಾದಲ್ಲೇ ಗೊತ್ತಾಗಿತ್ತು. ಒಂದು ದಿನ ತಂಬ್ರಹಳ್ಳಿಗೆ ಹೋಗಿ ಓಬಣ್ಣ ಮಾಸ್ತರ ಮನೆಯನ್ನೂ ನೋಡಿ ಬಂದೆ. ಗೋಡೆಯ ಮೇಲೆ ಬುದ್ಧನ ಪಟ, ಕಪಾಟಿನ ತುಂಬ ಪುಸ್ತಕ. ಅವರು ಕೊಟ್ಟ ನೀರು ಕುಡಿದೆ, ಉಪ್ಪಿಟ್ಟು ತಿಂದೆ. ನನಗೆ ಒಪ್ಪಿಗೆಯಾಯಿತು. ಆದರೆ ನನ್ನ ಒಪ್ಪಿಗೆಯಿಂದ ಏನಾಗಬೇಕು? ಸುಕನ್ಯಾ ಒಂದೇ ಮಾತು ಹೇಳಿದ್ದಳು: ಕ್ರಾಂತಿಯನ್ನು ಬಿಟ್ಟು ಯಾರನ್ನೂ ಮದುವೆಯಾಗುವುದಿಲ್ಲ, ಅಪ್ಪ ಹೂಂ ಎನ್ನದೆ ಕ್ರಾಂತಿಯನ್ನೂ ಆಗುವುದಿಲ್ಲ. ಅವಳ ಇಡೀ ಜೀವನ ಇವರ ಒಂದು 'ಹೂಂ' ಮೇಲೆ ನಿಂತಿತ್ತು. ಇವರು ಬಸವ ಜಯಂತಿಯ ದಿನ ಮೈಕಿನಲ್ಲಿ ಜಾತಿ ಇಲ್ಲ ಎಂದು ಗುಡುಗಿ, ಮನೆಗೆ ಬಂದು, ಎದುರು ಮನೆ ಬಾಡಿಗೆಗೆ ಬಂದವರು ಯಾವ ಪೈಕಿ ಎಂದು ಕೇಳುವವರು. ಅದಕ್ಕೇ ನಾನು ಮಗಳಿಗೆ, "ಬಾಯಿ ಬಿಡಬ್ಯಾಡ, ತಡಿ" ಎನ್ನುತ್ತಾ ಬಂದೆ.

ಈ ವರ್ಷ ಇವರು ಮತ್ತೆ ರತ್ನವಾದ ಮರುವಾರವೇ ಸಿಡಿಲು ಬಡಿಯಿತು. ಇವರ ಅಣ್ಣ ಬೆನಕಪ್ಪ, ಅರಸೀಕೆರೆಯವರು, ಸುಕನ್ಯಾಳಿಗೆ ಕೊಟ್ಟೂರಿನ ಎಣ್ಣೆ ಮಿಲ್ಲಿನವರ ಹುಡುಗನನ್ನು ನೋಡಿಟ್ಟಿದ್ದರು. ಆ ಹುಡುಗನ ಕಡೆಯವರೇ ಯಾರೋ ಕ್ರಾಂತಿಯ ವಿಷಯ ಅವರ ಕಿವಿಗೆ ಹಾಕಿದ್ದಾರೆ. ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಭಾವ ಬಂದರು. ಚಪ್ಪಲಿಯನ್ನೂ ಬಿಡದೆ ಪಡಸಾಲೆಗೆ ನುಗ್ಗಿದರು. ಇವರು ಕುರ್ಚಿಯಲ್ಲಿ, ಕೈಯಲ್ಲಿ ಪುಸ್ತಕ. ಸುಕನ್ಯಾ ಒಳಗಿನ ಬಾಗಿಲ ಹಿಂದೆ ನನ್ನ ಸೆರಗು ಹಿಡಿದುಕೊಂಡು ನಿಂತಳು.

"ಲೇ ಗುರು, ನಿನ್ನ ಮಗಳು ಆ ಗ್ರಂಥಾಲಯದ ಹುಡುಗನ್ನ ಲಗ್ನ ಆಗಾಕ ಹೊಂಟಾಳಂತ. ಊರೆಲ್ಲ ಮಾತಾಡಾಕತ್ತೈತಿ. ನಿನಗ ಗೊತ್ತಿಲ್ಲೇನು?" ಎಂದರು ಭಾವ.

ಇವರ ಬಾಯಿ ತೆರೆಯಿತು. ಮುಖ ಸುಣ್ಣದಂತಾಯಿತು. ಏನೂ ಗೊತ್ತಿರಲಿಲ್ಲವೆಂದು ನನಗೆ ಅಲ್ಲಿಂದಲೇ ಕಂಡಿತು. ಈಗ 'ಇಲ್ಲ' ಎನ್ನುತ್ತಾರೆ, ಆಮೇಲೆ 'ಬ್ಯಾಡ' ಎನ್ನುತ್ತಾರೆ, ಮುಗಿಯಿತು ನನ್ನ ಮಗಳ ಕತೆ ಎಂದುಕೊಂಡೆ.

ಭಾವ ಅಲ್ಲಿಗೇ ನಿಲ್ಲಿಸಿದ್ದರೆ ಹಾಗೇ ಆಗುತ್ತಿತ್ತು. ಅವರಿಗೆ ಚುಚ್ಚದೆ ಗೊತ್ತಿಲ್ಲ. "ಮೂರು ಹೊತ್ತೂ ಕೊಲಿಗಾರನ್ನ ಹುಡುಕತಿ. ನಿನ್ನ ಮನ್ಯಾಗ ಕುಂತು ಚಾ ಕುಡದಾಂವ ಕಾಣಲಿಲ್ಲೇನಲೇ ನಿನಗ? ಎಂಥಾ ಪತ್ತೇದಾರ!" ಎಂದರು. ಜೊತೆಗೆ ಬಂದ ಹಿರಿಯರಲ್ಲಿ ಒಬ್ಬರು ಕಿಸಕ್ಕನೆ ನಕ್ಕರು.

ಆ ನಗು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಇವರು ಪುಸ್ತಕ ಮುಚ್ಚಿ, ಕನ್ನಡಕ ಸರಿ ಮಾಡಿಕೊಂಡು, ಕಾಲ ಮೇಲೆ ಕಾಲು ಹಾಕಿದರು. "ಯಾರಿಗೆ ಗೊತ್ತಿಲ್ಲ ಅಂತಿ ಅಣ್ಣ? ನನಗ ಮೊದಲ ದಿನಾನ ಗೊತ್ತಿತ್ತು."

"ಗೊತ್ತಿದ್ದು ಸುಮ್ನ ಕುಂತಿ? ಅಂದ್ರ ನಿನ್ನ ಒಪ್ಪಿಗಿ ಐತಿ ಅಂತಾತು!"

ಇವರ ಮೇಲಿನ ಕಾಲು ಕೆಳಗಿಳಿಯಿತು. ಹಿಂದೆ ಹೋದರೆ ಮೂರ್ಖ, ಮುಂದೆ ಹೋದರೆ ಬೀಗ. ಸುಕನ್ಯಾಳ ಉಗುರು ನನ್ನ ತೋಳಿಗೆ ನಾಟಿತು.

"ಐತಿ" ಎಂದರು.

"ಅವರ ಕೇರಿ ಯಾವುದಂತ ಗೊತ್ತೈತೇನಲೇ?"

"ಅದೂ ಗೊತ್ತೈತಿ." ಶುದ್ಧ ಸುಳ್ಳು. "ಅವನ್ನ ಮನಿಗೆ ಕರಿಸಿದ್ದ ನಾನು. ಪುಸ್ತಕ ಒಂದು ನೆಪ. ಎರಡು ವರ್ಷ ಕಣ್ಣಿಗೆ ಎಣ್ಣಿ ಬಿಟ್ಕೊಂಡು ಹುಡುಗನ ನಡತಿ ನೋಡೀನಿ. ಅಪರಂಜಿ ಅದಾನ." ಮಾತು ಮುಂದುವರಿದಂತೆ ಅವರಿಗೇ ಅದರ ಮೇಲೆ ನಂಬಿಕೆ ಬರತೊಡಗಿತು. ಹಿರಿಯರಿಬ್ಬರೂ ನಗುವುದು ಬಿಟ್ಟು ಬೆರಗಾಗಿ ಕೇಳಿದರು. ಭಾವ ಮಾತ್ರ, "ಇವತ್ತಿಗೆ ನಿನ್ನ ಮನಿ ನೀರು ಮುಟ್ಟಂಗಿಲ್ಲ" ಎಂದು ಎದ್ದು ಹೋದರು.

ಅವರು ಹೋದ ಮೇಲೆ ಇವರು ಅಡುಗೆಮನೆಗೆ ಬಂದು ಒಲೆಯ ಕಟ್ಟೆ ಹಿಡಿದು ನಿಂತರು. "ಎಷ್ಟು ದಿನದಿಂದ ನಡದೈತಿ ಇದು?" ದನಿಯಲ್ಲಿ ಜೀವವೇ ಇರಲಿಲ್ಲ.

"ಎರಡು ವರ್ಷ ಆತು ಅಂತ ನೀವ ಹೇಳಿದ್ರಲ್ಲ. ಅಷ್ಟ ಆತು."

"ಎಲ್ಲಾರಿಗೂ ಗೊತ್ತಿತ್ತಾ?"

"ಹಾಲಿನ ಮೈಲಮ್ಮಗೂ ಗೊತ್ತಿತ್ತು."

"ನನಗ್ಯಾಕ ಹೇಳಲಿಲ್ಲ ಗಂಗಾ?"

"ಹೇಳಿದ್ರ ಹೂಂ ಅಂತಿದ್ರೇನ್ರಿ?" ಎಂದು ಕೇಳಿದೆ. ಹೊಟ್ಟೆಯೊಳಗಿನ ಸಿಟ್ಟೆಲ್ಲ ಆ ಮಾತಿನಲ್ಲಿತ್ತು. ಇವರು ನೆಲ ನೋಡಿದರು.

ಅಷ್ಟರಲ್ಲಿ, ಹಿತ್ತಲಿಗೆ ಹೋಗಿ ಕ್ರಾಂತಿಗೆ ಫೋನು ಮಾಡುತ್ತಿದ್ದ ಸುಕನ್ಯಾ ಓಡಿ ಬಂದು ಅಪ್ಪನ ಎದೆಗೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. "ಅಪ್ಪಾ, ನೀನು ಬ್ಯಾಡ ಅಂತಿ ಅಂತ ದಿನಾ ಹೆದರಿ ಸಾಯತಿದ್ದೆ. ನೀ ನೋಡಿದ್ರ ಮೊದಲಿಂದ ಒಪ್ಪಿದ್ದಿ!" ಇವರು ಮಗಳ ತಲೆಯ ಮೇಲೆ ಕೈ ಇಟ್ಟರು. ಅವಳು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅವ್ವಾ, ನೀನು ಬರೇ ಹೆದರಿಸಿದಿ ನನ್ನ. ಅಪ್ಪಗ ಹೇಳಬ್ಯಾಡ, ಹೇಳಬ್ಯಾಡ ಅಂತ. ಅಪ್ಪಗ ಇದ್ದಷ್ಟು ಧೈರ್ಯ ನಿನಗಿಲ್ಲ ನೋಡು."

ತಂಬ್ರಹಳ್ಳಿಗೆ ಹೋಗಿ ನೀರು ಕುಡಿದು ಬಂದವಳು ನಾನು. ಎರಡು ವರ್ಷ ಓಣಿಯ ಬಾಯಿ ಮುಚ್ಚಿಸಿದವಳು ನಾನು. ಬಾಯಿ ತೆರೆದರೆ ಒಂದೇ ಮಾತು ಸಾಕಿತ್ತು. ಇವರಿಗೂ ಅದು ಗೊತ್ತಿತ್ತು. ಮಗಳ ತಲೆಯ ಮೇಲಿನ ಕೈ ತೆಗೆಯದೆ, ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು.

"ಹೌದವ್ವಾ" ಎಂದೆ. "ನಿಮ್ಮಪ್ಪಗ ಬಾಳ ಧೈರ್ಯ."